ಅತ್ತೆಯ ಹರಕೆ, ಅಳಿಯನ ಕಾಲು

ಬಸ್ಸಿನಲ್ಲಿ ಓಡಾಡಿಕೊಂಡಿದ್ದಷ್ಟು ದಿನ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಬರಿಗಾಲಲ್ಲಿ ರಸ್ತೆಗಿಳಿದದ್ದೇ ತಡ, ಊರವರ ಕಣ್ಣೆಲ್ಲ ನನ್ನ ಮೇಲೇ ಬಿತ್ತು. ಏಳು ಭಾನುವಾರ ನಡೆದೆ. ಒಂದೇ ಒಂದು ಭಾನುವಾರವಾದರೂ ಸುಮ್ಮನೆ ಹೋಗಿ ಸುಮ್ಮನೆ ಬಂದೆ ಅನ್ನುವ ಹಾಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಇದು ತಮಾಷೆಗೆ ಹೊರಟ ನಡಿಗೆಯಲ್ಲ. ನಮ್ಮಾಕೆಗೆ ಕತ್ತಿನಲ್ಲಿ ಗಡ್ಡೆಯಾಗಿ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಅದರ ಜೊತೆಗೆ ದನಿಯೂ ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. "ನರ ಸೋತಿದೆ. ಆರು ತಿಂಗಳು ನೋಡೋಣ. ಬಂದರೆ ಬರಬಹುದು, ಬರದೆಯೂ ಇರಬಹುದು" ಅಂದರು ಡಾಕ್ಟರು.

ಹಲಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಹಾಲಿನವನು, ಪೇಪರಿನವನು, ನಾನು, ಮೂವರೂ ಅವಳ ದನಿಗೆ ಹೆದರಿಕೊಂಡೇ ಬದುಕಿದ್ದವರು. ಈಗ ಅವಳು ಸ್ಲೇಟಿನ ಮೇಲೆ ಬರೆದು ಬೈಯುತ್ತಿದ್ದಳು. ಸ್ಲೇಟಿನಲ್ಲಿ ಬೈಸಿಕೊಳ್ಳುವುದರಲ್ಲಿ ಏನಿದೆ ಹೇಳಿ? ನಾನು ಆ ಕಡೆ ತಿರುಗಿದರೆ ಬೈಗುಳ ಮುಗಿಯಿತು. ಹಾಗೆಂದು ನಾನು ಒಂದು ಸಲವೂ ತಿರುಗಲಿಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ಓದುತ್ತಿದ್ದೆ. ಮನೆ ಅಷ್ಟು ಬಿಕೋ ಅನ್ನುತ್ತಿತ್ತು.

ಹೊತ್ತವರು ಒಬ್ಬರು

ಹರಕೆ ಹೊತ್ತದ್ದು ನಾನಲ್ಲ, ನಮ್ಮತ್ತೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಪೂರ್ವಕ್ಕೆ ಕೈಮುಗಿದು, ನನ್ನನ್ನು ಒಂದು ಮಾತೂ ಕೇಳದೆ ಹೇಳಿಬಿಟ್ಟರು: "ತಾಯಿ, ಏಳು ಜನ ಅಕ್ಕತಂಗೀರೂ ಕೇಳ್ಕಳಿ. ನನ್ ಮಗಳಿಗೆ ದನಿ ಕೊಡಿ. ನಮ್ ಅಳಿಯಂದ್ರು ನಿಮ್ ಏಳೂ ಗುಡಿಗೂ ಬರಿಗಾಲಲ್ಲಿ ನಡ್ಕಂಡ್ ಬತ್ತಾರೆ."

ನಮ್ಮತ್ತೆ ಕೆ.ಆರ್. ಪುರಂ ಆಚೆಯ ಹಳ್ಳಿಯವರು. ಅವರ ಲೆಕ್ಕದಲ್ಲಿ ಈ ಕಡೆಯ ಹಳೇ ಊರುಗಳ ಊರಮ್ಮಂದಿರೆಲ್ಲ ಒಡಹುಟ್ಟಿದವರು. ದೊಡ್ಡಕ್ಕ ಶಿವಾಜಿನಗರದ ಹತ್ತಿರ, ಕೊನೆಯ ತಂಗಿ ಅವರ ಹಳ್ಳಿಯಲ್ಲಿ. ಉಳಿದ ಐವರು ನಡುವೆ ಎಲ್ಲೆಲ್ಲೋ, ಹೈವೇ ಪಕ್ಕ, ಮಹಡಿ ಮನೆಗಳ ಹಿಂದೆ.

"ನೀವೇ ನಡೀಬಹುದಿತ್ತಲ್ಲ ಅತ್ತೆ?" ಅಂದೆ.

"ನಂಗೆ ಮಂಡಿನೋವು. ಅದು ಅಮ್ಮಂಗೂ ಗೊತ್ತು."

ಷರತ್ತುಗಳನ್ನು ಅವರೇ ಹಾಕಿದರು. ಒಂದು ಗುಡಿಯಿಂದ ಇನ್ನೊಂದಕ್ಕೆ ನಡೆದೇ ಹೋಗಬೇಕು, ನಡುವೆ ಗಾಡಿ ಹತ್ತಬಾರದು. ಬಿಟ್ಟಲ್ಲಿಂದಲೇ ಮುಂದಿನ ವಾರ ಶುರು ಮಾಡಬೇಕು. ಮನೆಗೆ ಬರುವಾಗ ಬೇಕಾದರೆ ಬಸ್ಸು. ನಾನು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದವನು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಪೀಸು ವಾಪಸ್ ಕಳಿಸುವವನು. ಈ ಕಟ್ಟಳೆಯೆಲ್ಲ ನನಗೆ ಹಿಡಿಸಿತು ಅಂತಲೇ ಹೇಳಬೇಕು. ದೇವರ ವಿಚಾರದಲ್ಲಿ ಮಾತ್ರ ನನಗೆ ಅಷ್ಟು ಗ್ಯಾರಂಟಿ ಇರಲಿಲ್ಲ. ಆದರೆ ಡಾಕ್ಟರೇ ಗ್ಯಾರಂಟಿ ಕೊಡದಿದ್ದ ಮೇಲೆ ನಾನು ಯಾವ ಬಾಯಲ್ಲಿ ಬೇಡ ಅನ್ನಲಿ?

ನಮ್ಮಾಕೆ ಸ್ಲೇಟಿನಲ್ಲಿ ಬರೆದಳು: "ಇದೆಲ್ಲ ಬೇಡ." ಆಮೇಲೆ ಅದನ್ನು ಅಳಿಸಿ, "ಮಾಡುವುದಾದರೆ ನೆಟ್ಟಗೆ ಮಾಡಿ."

ಚಪ್ಪಲಿ ಅಂಗಡಿಯವರು

ಮೊದಲ ಭಾನುವಾರ ಶಿವಾಜಿನಗರದಲ್ಲಿ ದೊಡ್ಡಕ್ಕನಿಗೆ ಕಾಯಿ ಒಡೆಸಿ ಹೊರಟೆ. ನೂರು ಹೆಜ್ಜೆ ಹೋಗಿಲ್ಲ, ಆಗ ತಾನೇ ಬಾಗಿಲು ತೆಗೆಯುತ್ತಿದ್ದ ಚಪ್ಪಲಿ ಅಂಗಡಿಯ ಸಾಹೇಬರು ನನ್ನ ಕಾಲು ನೋಡಿ ಓಡಿ ಬಂದರು.

"ಅರೆ ಸಾಬ್! ಚಪ್ಪಲ್ ಚೋರಿ ಆಯ್ತಾ? ಗುಡೀಲಾ? ಬನ್ನಿ, ಕೂತ್ಕೊಳ್ಳಿ."

ಕದ್ದಿಲ್ಲ, ಹರಕೆ ಅಂದೆ. ಅವರು ನಂಬಲಿಲ್ಲ. ಕಳ್ಳರ ಹೆಸರು ಹೇಳಲು ನಾನು ಹೆದರುತ್ತಿದ್ದೇನೆ ಅಂದುಕೊಂಡರು. ಕೊನೆಗೆ ಹೆಂಡತಿಯ ದನಿಯ ವಿಷಯ ಪೂರ್ತಿ ಹೇಳಿದೆ. ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟು ಕೇಳಿಸಿಕೊಂಡರು. "ಯಾರು ಹೊತ್ತಿದ್ದು, ನೀವಾ?"

"ನಮ್ಮತ್ತೆ."

ಅವರು ನಿಟ್ಟುಸಿರು ಬಿಟ್ಟರು. "ನನಗೂ ಹಂಗೇ ಸಾಬ್. ತಮ್ಮನಿಗೆ ಜ್ವರ ಬಂದಾಗ ಅಮ್ಮೀ ಮನ್ನತ್ ಮಾಡಿದ್ರು, ನನ್ನನ್ನ ದರ್ಗಾ ತನಕ ಬರಿಗಾಲಲ್ಲಿ ನಡೆಸಿದ್ರು. ಎರಡು ದಿವಸ, ಬಿಸಿಲಲ್ಲಿ. ತಮ್ಮ ಹುಷಾರಾದ. ನಾನು ಅವತ್ತೇ ನಿರ್ಧಾರ ಮಾಡ್ದೆ."

"ಏನಂತ?"

"ಚಪ್ಪಲಿ ಅಂಗಡಿ ಇಡ್ಬೇಕು ಅಂತ."

ಬರಿಗಾಲಿನ ವೈದ್ಯ

ಎರಡನೆಯ ವಾರ ಹಲಸೂರಿನಿಂದ ದೊಮ್ಮಲೂರಿಗೆ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಬೆಳಗಿನ ವಾಕಿಂಗಿಗೆ ಬಂದವರೆಲ್ಲ ಬಿಳೀ ಬೂಟು ಹಾಕಿಕೊಂಡು ಬೀಸುಗಾಲು ಹಾಕುತ್ತಿದ್ದರು. ಅವರ ನಡುವೆ ನಾನೊಬ್ಬ ಪಂಚೆ ಎತ್ತಿ ಕಟ್ಟಿ, ಕಾಯಿ ಚೀಲ ಹಿಡಿದುಕೊಂಡು ಹೋಗುತ್ತಿದ್ದೆ. ಒಬ್ಬ ಹಿರಿಯರು ನನ್ನ ಸಮಕ್ಕೆ ಬಂದರು.

"ಬೇರ್‌ಫುಟ್! ಯಾವ ಡಾಕ್ಟ್ರು ಹೇಳಿದ್ರು?"

"ಡಾಕ್ಟ್ರಲ್ಲ ಸಾರ್, ನಮ್ಮತ್ತೆ."

"ನ್ಯಾಚುರೋಪತೀನಾ ಅವರು?"

ಕಾಲಿಗೆ ಆಗಲೇ ಒಂದು ಕಲ್ಲು ಚುಚ್ಚಿ ನನ್ನ ತಾಳ್ಮೆ ಮುಗಿದಿತ್ತು. "ಹೂಂ ಸಾರ್, ಹಳೇ ಕಾಲದ್ದು" ಅಂದುಬಿಟ್ಟೆ.

"ಶುಗರ್‌ಗೂ ಆಗುತ್ತಾ?"

"ಅವರು ಯಾವುದಕ್ಕೂ ಆಗಲ್ಲ ಅಂದಿದ್ದು ನಾನು ಕೇಳೇ ಇಲ್ಲ ಸಾರ್." ಇದು ಸುಳ್ಳಲ್ಲ.

ಮೂರನೆಯ ವಾರ ಅದೇ ರಸ್ತೆಯಲ್ಲಿ ವಾಪಸ್ ಹೋಗುವ ಸರದಿ. ನೋಡಿದರೆ ಆ ಹಿರಿಯರು ಬೂಟು ಕೈಯಲ್ಲಿ ಹಿಡಿದು, ಕೆಂಡದ ಮೇಲೆ ಕಾಲಿಡುವಂತೆ ಕುಂಟುತ್ತಾ ಬರುತ್ತಿದ್ದಾರೆ. ಹಿಂದೆ ಇನ್ನಿಬ್ಬರು, ಅವರೂ ಬರಿಗಾಲು. ನನ್ನನ್ನು ಕಂಡ ಕೂಡಲೇ ಅವರು ಸ್ನೇಹಿತರಿಗೆ ಹೇಳಿದರು: "ನಾನ್ ಹೇಳ್ಲಿಲ್ವಾ, ಇವರತ್ತೇನೇ."

ಅಮ್ಮನ ಸಹಿ

ಎರಡನೆಯ ವಾರ ಮುಟ್ಟಿದ ಆ ದೊಮ್ಮಲೂರಿನ ಗುಡಿಯದೇ ಒಂದು ಕತೆ. ಅತ್ತೆ ದಾರಿ ಹೇಳಿದ್ದರು. "ಕೆರೆ ಏರಿ ಹಿಡ್ಕಂಡ್ ಓಗಿ. ಮಾವಿನ ತೋಪು ದಾಟಿ. ರಾಗಿ ಹೊಲದ ಬದುವಿನ ಮೇಲೆ ಎಡಕ್ಕೆ ತಿರುಗಿದ್ರೆ ಅಮ್ಮ ಎದುರಿಗೇ ಅವಳೆ." ಮದುವೆಗೆ ಮುಂಚೆ ಅವರು ನಡೆದಿದ್ದ ದಾರಿ ಅದು. ಈಗ ಏರಿಯ ಜಾಗದಲ್ಲಿ ರಿಂಗ್ ರೋಡು, ತೋಪಿನ ಜಾಗದಲ್ಲಿ ಪೆಟ್ರೋಲ್ ಬಂಕು. ಮೇಲ್ಸೇತುವೆ ಕೆಲಸ ಬೇರೆ ನಡೆಯುತ್ತಿತ್ತು. ರಾಗಿ ಹೊಲದಲ್ಲಿ ಗಾಜಿನ ಆಫೀಸು ಎದ್ದಿತ್ತು. ಬದು ಎಲ್ಲಿಂದ ತರಲಿ? ಆದರೂ ಅಂದಾಜಿನ ಮೇಲೆ ಎಡಕ್ಕೆ ತಿರುಗಿದೆ. ಅಮ್ಮ ಅಲ್ಲೇ ಇದ್ದಳು! ಆಫೀಸಿನ ಕಾಂಪೌಂಡಿನೊಳಗೆ, ಸ್ಕೂಟರ್ ನಿಲ್ಲಿಸುವ ಶೆಡ್ಡಿನ ಪಕ್ಕ, ಆಳೆತ್ತರದ ಗುಡಿ.

ಗೇಟಿನಲ್ಲಿ ಸೆಕ್ಯೂರಿಟಿಯವರು ಪುಸ್ತಕ ಮುಂದಿಟ್ಟರು. "ಒಳಗೆ ಹೋಗೋರೆಲ್ಲ ಬರೀಲೇಬೇಕು. ಹೆಸರು, ಎಲ್ಲಿಂದ, ಯಾರನ್ನ ನೋಡ್ಬೇಕು."

"ಊರಮ್ಮನ್ನ."

"ಬರೀರಿ."

ಬರೆದೆ. ಕಾರಣ ಅನ್ನುವ ಕಡೆ 'ಸ್ವಂತ ಕೆಲಸ' ಅಂತ ಹಾಕಿದೆ. ಅವರು ಒಂದು ಚೀಟಿ ಹರಿದು ಕೊಟ್ಟರು. "ನೋಡಿದೋರ ಹತ್ರ ಇದರ ಮೇಲೆ ಸೈನ್ ಹಾಕಿಸ್ಕೊಂಡು ಬನ್ನಿ. ಸೈನ್ ಇಲ್ದೆ ಹೊರಗೆ ಬಿಡಲ್ಲ."

"ಸ್ವಾಮಿ, ಅದು ಕಲ್ಲಿನ ದೇವರು."

"ನಂಗೂ ಗೊತ್ತು ಸಾರ್. ನಾನೂ ದಿನಾ ದೀಪ ಹಚ್ತೀನಿ. ಸೋಮವಾರ ಬಂದು ಲೆಕ್ಕ ನೋಡೋರಿಗೆ ಗೊತ್ತಿಲ್ವಲ್ಲ, ಚೀಟಿ ಖಾಲಿ ಇದ್ರೆ ನನ್ ಕೆಲ್ಸ ಹೋಗುತ್ತೆ."

ಪೂಜಾರಿ ಭಾನುವಾರ ಬರುವುದಿಲ್ಲವಂತೆ. ನಾನೂ ಸಹಿಯಿಲ್ಲದ ಚೀಟಿ ಒಪ್ಪದ ಕೆಲಸದವನೇ, ಅವರ ಮೇಲೆ ಹೇಗೆ ರೇಗಲಿ? ಕೈಮುಗಿದು, ನಮ್ಮಾಕೆಗೆ ದನಿ ಬೇಡಿ, ಕಣ್ಣೊರೆಸಿಕೊಂಡು, ಅಮ್ಮನ ಪಾದದ ಕುಂಕುಮವನ್ನು ಹೆಬ್ಬೆರಳಿಗೆ ತೆಗೆದು ಚೀಟಿಯಲ್ಲಿ ಸಹಿಯ ಜಾಗಕ್ಕೆ ಒತ್ತಿದೆ. ಅವರು ಚೀಟಿಯನ್ನು ಕಣ್ಣಿಗೊತ್ತಿಕೊಂಡು, ಗಡಿಯಾರ ನೋಡಿ, ನಾನು ಹೊರಟ ಸಮಯ ಬರೆದು ಫೈಲಿಗೆ ಸೇರಿಸಿದರು.

ಕ್ರೇನ್ ಹತ್ತಿದ ಗುರುತು

ನಾಲ್ಕನೆಯ ವಾರ ಹಳೇ ಮದರಾಸು ರಸ್ತೆಯಲ್ಲಿ ಜೋರು ಮಳೆ. ಮುಂದಿನ ಗುಡಿ ಮುಟ್ಟಲು ಆಗಲಿಲ್ಲ. ಕಾರ್ಖಾನೆಯಲ್ಲಿ ಪಾಸಾದ ಪೀಸಿಗೆ ಗುರುತು ಹಾಕುವ, ನೀರಿಗೆ ಅಳಿಸದ ಹಳದಿ ಬಳಪ ಜೇಬಿನಲ್ಲೇ ಇತ್ತು. ಒಂದು ಲೈಟು ಕಂಬಕ್ಕೆ ರೈಟ್ ಗುರುತು ಹಾಕಿ ಬಸ್ಸು ಹತ್ತಿದೆ.

ಮುಂದಿನ ಭಾನುವಾರ ಅಲ್ಲಿ ಇಳಿದರೆ ಕಂಬವಿಲ್ಲ. ರಸ್ತೆ ಅಗಲ ಮಾಡುತ್ತಿದ್ದಾರೆ. ಹುಡುಕಿದರೆ, ಹತ್ತಾರು ಮಾರು ಮುಂದೆ ಕಂಬ ನಿಂತಿದೆ, ನನ್ನ ಗುರುತು ಹಾಗೇ ಇದೆ! ಅಲ್ಲಿದ್ದ ಮೇಸ್ತ್ರಿಗೆ ವಿಷಯ ಹೇಳಿದೆ. ಆತ ಕೆಲಸ ನಿಲ್ಲಿಸಿ ಯೋಚನೆ ಮಾಡಿದ.

"ಸಾರ್, ಕಂಬಾನ ನಾವೇ ಕ್ರೇನ್‌ನಲ್ಲಿ ಎತ್ತಿಟ್ಟಿದ್ದು. ಗಾಡಿ ಹತ್ತಿದ್ದು ನಿಮ್ ಗುರುತು, ನೀವಲ್ಲ. ಇಲ್ಲಿಂದ್ಲೇ ನಡೀರಿ, ತಪ್ಪಿಲ್ಲ."

ಕೂಲಿಯವರೊಬ್ಬರು ಒಪ್ಪಲಿಲ್ಲ. "ಅದೆಂಗಾಗುತ್ತೆ ಅಣ್ಣ? ಕಾಲು ನಿಂತಿದ್ದು ಅಲ್ಲಿ."

ಜಗಳ ಹತ್ತಿಕೊಂಡಿತು. ನಾನು ಎದುರಿನ ಬೂತಿನಿಂದ ಅತ್ತೆಗೆ ಫೋನ್ ಮಾಡಿದೆ. "ಕಂಬ ಸರಿದ್ರೆ ನಿಮ್ ಕಾಲೂ ಸರೀತದಾ? ಹಿಂದ್ಲಿಂದ ನಡೀರಿ" ಅಂದರು. ಹಳೇ ಗುಂಡಿ ಮುಚ್ಚಿ ಹೋಗಿತ್ತು. ಮೇಸ್ತ್ರಿ ಟೇಪು ತರಿಸಿ, ಚರಂಡಿಯಿಂದ ಅಳೆದು, ಸರಿಯಾದ ಜಾಗ ತೋರಿಸಿದ. ನಾನು ಅಲ್ಲಿಗೆ ಹೋಗಿ ನಿಂತು ಹೊರಟೆ. ಆತ ಹಿಂದಿನಿಂದ ಕೂಗಿದ: "ಸಾರ್, ಇವತ್ತು ಎಲ್ಲಿ ನಿಲ್ಲಿಸ್ತೀರಾ ಹೇಳ್ಬಿಡಿ, ಆ ಕಂಬ ಮುಟ್ಟಲ್ಲ!"

ಅವತ್ತು ಮನೆಗೆ ಬಂದಾಗ ಅಂಗಾಲಿನಲ್ಲಿ ಗಾಜು ಹೊಕ್ಕಿತ್ತು. ನಮ್ಮಾಕೆ ಬಿಸಿನೀರಿನಲ್ಲಿ ಕಾಲು ತೊಳೆದು, ಸೂಜಿಯಿಂದ ಗಾಜು ತೆಗೆದಳು. ಕಂಬದ ಕತೆ ಹೇಳಿದೆ, ನಕ್ಕಳು. ನಗುವಿಗೂ ಸದ್ದಿಲ್ಲ. ಆಪರೇಷನ್ ಆಗಿ ಐದು ತಿಂಗಳು ಕಳೆದಿತ್ತು. "ಒಂದು ಸಲ ಮಾತಾಡಿ ನೋಡೇ" ಅಂದೆ. ಬಾಯಿ ತೆರೆದಳು, ಕತ್ತಿನ ನರ ಉಬ್ಬಿತು, ಗಾಳಿಯಷ್ಟೇ ಬಂತು. ಅವಳು ಕಾಲಿಗೆ ಬಟ್ಟೆ ಕಟ್ಟುತ್ತಾ ತಲೆ ಎತ್ತಲೇ ಇಲ್ಲ. ನನಗೆ ಅಳು ಬಂತು, ಗಾಯ ನೋಯುತ್ತಿದೆ ಅಂದೆ.

ಏಳನೆಯವಳ ದಾರಿ

ಕೊನೆಯ ಭಾನುವಾರ ಅತ್ತೆಯೂ ನಮ್ಮಾಕೆಯೂ ಆಟೋ ಮಾಡಿಕೊಂಡು ಬಂದರು. ನಾನು ಮುಂದೆ ಕುಂಟುತ್ತಾ ನಡೆಯುವುದು, ಆಟೋ ಹಿಂದೆ ಎತ್ತಿನ ಗಾಡಿಯ ಹಾಗೆ ತೆವಳುವುದು. ಹೊಸ ತೂಗುಸೇತುವೆಯ ಮೇಲೆ ಲಾರಿಗಳೆಲ್ಲ ಹಾರ್ನ್ ಹಾಕಿ ಬೈದವು. ಅತ್ತೆ ಆಟೋದಿಂದ ತಲೆ ಹೊರಹಾಕಿ, "ಅರಕೆ ಕಣ್ರಪ್ಪಾ, ಅರಕೆ!" ಅಂತ ಲಾರಿಗಳಿಗೆ ಉತ್ತರ ಕೊಡುತ್ತಿದ್ದರು.

ಕೆ.ಆರ್. ಪುರಂ ದಾಟಿ ಹಳ್ಳಿ ರಸ್ತೆಗೆ ತಿರುಗಿದಾಗ ಎಲ್ಲರೂ ನಿಂತೆವು. ಹಿಂದಿನ ದಿನದ ಮಳೆಗೆ ರಸ್ತೆಯ ಮೇಲೆ ಮಂಡಿಯುದ್ದ ಕೆಸರುನೀರು ನಿಂತಿತ್ತು. ಆಟೋದವನು ಆಗಲ್ಲ ಅಂದ. ಅಷ್ಟರಲ್ಲಿ ಅತ್ತೆಯ ಊರಿನವರೇ ಒಬ್ಬರು ಟ್ರ್ಯಾಕ್ಟರ್ ಓಡಿಸಿಕೊಂಡು ಬಂದು, "ಹತ್ತಿ ಸ್ವಾಮಿ, ನೀರು ದಾಟಿಸ್ತೀನಿ" ಅಂದರು.

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಕಾಲಿನ ಬಟ್ಟೆ ನೋಡಿದರು. ಆರು ವಾರ ಒಂದು ಹೆಜ್ಜೆ ಬಿಟ್ಟುಕೊಡದವರು ಮೆತ್ತಗಾದರು. "ಅತ್ಕಳಿ ಅಳಿಯಂದ್ರೆ. ನೀರು ರಸ್ತೆ ಅಲ್ಲ. ಅಮ್ಮಂಗೆ ನಾನ್ ಏಳ್ತೀನಿ."

ಹರಕೆ ಹೊತ್ತವರೇ ರಿಯಾಯಿತಿ ಕೊಟ್ಟ ಮೇಲೆ ನನ್ನದೇನು? ಹತ್ತಿದೆ. ಟ್ರ್ಯಾಕ್ಟರ್ ನಾಲ್ಕು ಮಾರು ಹೋಗಿರಬೇಕು.

"ಇಳೀರೀ ಕೆಳಗೆ!"

ಒಡಕು ದನಿ, ತಗಡು ಉಜ್ಜಿದ ಹಾಗೆ. ಯಾರೋ ದಾರಿಹೋಕರು ಅಂದುಕೊಂಡೆ. ಟ್ರ್ಯಾಕ್ಟರಿನವರು ಬ್ರೇಕ್ ಹಾಕಿದರು. ತಿರುಗಿ ನೋಡಿದರೆ ನಮ್ಮಾಕೆ ಆಟೋದಿಂದ ಇಳಿದು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾಳೆ. ಕಣ್ಣು ಕೆಂಪಾಗಿದೆ. ಅವಳ ಬಾಯಿಂದ ಬಂದದ್ದು ಅಂತ ಅವಳಿಗೂ ಇನ್ನೂ ಗೊತ್ತಾಗಿಲ್ಲ.

ಆಟೋದವನು ಇಂಜಿನ್ ಆರಿಸಿದ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

"ಏನಂದೆ?" ಅಂದೆ.

"ಇಳೀರಿ ಅಂದೆ! ಆರು ವಾರ ಕಾಲು ಕುಯ್ಸ್ಕೊಂಡು, ಈಗ ಟ್ರ್ಯಾಕ್ಟರ್ ಹತ್ತೋಕೆ ನಾಚಿಕೆ ಆಗಲ್ವಾ? ಎಲ್ಲಿ ಹತ್ತಿದ್ರೋ ಅಲ್ಲಿಂದ ನಡೀರಿ!"

ಇಳಿದೆ. ನೀರಿನಲ್ಲಿ ಹಿಂದಕ್ಕೆ ಹೋಗಿ, ಹತ್ತಿದ ಜಾಗದಲ್ಲಿ ನೆಟ್ಟಗೆ ನಿಂತೆ. ಇಷ್ಟು ವರ್ಷ ಊರ ಪೀಸುಗಳನ್ನೆಲ್ಲ ವಾಪಸ್ ಕಳಿಸಿದವನನ್ನು ಅವತ್ತು ಅವಳು ವಾಪಸ್ ಕಳಿಸಿದಳು. ಅವಳೂ ಸೀರೆ ಎತ್ತಿ ಹಿಡಿದು ನನ್ನ ಜೊತೆ ನೀರಿಗಿಳಿದಳು.

ಅತ್ತೆ ಗಟ್ಟಿಯಾಗಿ ಅಳುತ್ತಾ, ಪೂರ್ವಕ್ಕೆ ಕೈಮುಗಿಯುತ್ತಾ, ಟ್ರ್ಯಾಕ್ಟರಿನವರ ಕೈ ಹಿಡಿದು ಮೇಲೆ ಹತ್ತಿ ಕೂತರು. "ನಂಗೆ ಮಂಡಿನೋವು" ಅಂದರು, ನಾವ್ಯಾರೂ ಕೇಳದೇ ಇದ್ದರೂ.

ಗುಡಿಗೆ ಇನ್ನೂ ಅರ್ಧ ಮೈಲಿ ಇತ್ತು. ಅಷ್ಟು ದೂರವೂ ಅವಳು ಬಾಯಿ ಮುಚ್ಚಲಿಲ್ಲ. ಗಾಜಿನ ಗಾಯ ನೀರಿಗಿಳಿಸಿದ್ದಕ್ಕೆ ಬೈದಳು, ಐದು ತಿಂಗಳಿಂದ ಹಾಲಿನವನು ನೀರು ಬೆರೆಸಿದ್ದನ್ನು ಕೇಳದೆ ಬಿಟ್ಟದ್ದಕ್ಕೆ ಬೈದಳು, ಸುಮ್ಮನೆ ನಗುತ್ತಾ ಬರುತ್ತಿದ್ದದ್ದಕ್ಕೂ ಬೈದಳು. ದನಿ ನಡುನಡುವೆ ಒಡೆಯುತ್ತಿತ್ತು, ಕೆಮ್ಮಿ ಮತ್ತೆ ಹಿಡಿಯುತ್ತಿದ್ದಳು. ನಾನು ಆದಷ್ಟು ನಿಧಾನವಾಗಿ ಕಾಲು ಹಾಕಿದೆ.

"ಬೇಗ ನಡೀರೀ, ಪೂಜೆ ಹೊತ್ತಾಯ್ತು!" ಅಂದಳು.

"ಏನಂದೆ? ಕೇಳಿಸ್ಲಿಲ್ಲ" ಅಂದೆ.

ಇನ್ನೊಂದು ಸಲ ಬೈದಳು.