ತಲಿಶೂಲಿ ಇದ್ದವರೂ ತಲಿಶೂಲಿಗೆ ಅಂಜಿದವರೂ

ಹೊಟ್ಟೆನೋವು ಬಂದವರು ನಿನ್ನೆ ಏನು ತಿಂದೆವು ಎಂದು ನೆನಪು ಮಾಡಿಕೊಳ್ಳುತ್ತಾರೆ. ತಲೆನೋವು, ನಮ್ಮ ಕಡೆಯ ಮಾತಿನಲ್ಲಿ ತಲಿಶೂಲಿ, ಬಂದವರು ಮಾತ್ರ ನೆಟ್ಟಗೆ ಸಾವನ್ನೇ ನೆನೆಯುತ್ತಾರೆ. ಡಾಕ್ಟರ ಹೆಂಡತಿಯಾಗಿ ಸಂಸಾರ ಮಾಡಿದ ನನಗೆ ಇದನ್ನು ಯಾವ ಪುಸ್ತಕವೂ ಕಲಿಸಬೇಕಾಗಲಿಲ್ಲ. ವಾರಕ್ಕೊಂದಾದರೂ ಇಂಥದು ನಮ್ಮ ಪಡಸಾಲೆಯಲ್ಲಿ ನಡೆದೇ ತೀರುತ್ತಿತ್ತು.

ಕಾಲವೂ ಹಾಗೇ ಇತ್ತು. ಮನೆಮನೆಯಲ್ಲೂ ಹೆಣ ಕೆಡವಿದ ಆ ದೊಡ್ಡ ಜ್ವರ ಹೋಗಿ ಕೆಲವೇ ವರ್ಷ ಆಗಿತ್ತು. ಪ್ಲೇಗು ನಡುನಡುವೆ ಬಂದು ಜನರನ್ನು ಊರು ಬಿಡಿಸಿ ಹೊಲದ ಗುಡಿಸಲಿಗೆ ಅಟ್ಟುತ್ತಿತ್ತು. ಎರಡೂ ಶುರುವಾಗುತ್ತಿದ್ದದ್ದು ತಲೆನೋವಿನಿಂದಲೇ. ಹೀಗಾಗಿ ಹಣೆ ಸ್ವಲ್ಪ ಚುಳ್ ಎಂದರೂ ಜನ ಓಡಿ ಬರುತ್ತಿದ್ದರು. ನಮ್ಮವರು ಮೊದಲು ಖಾನಾಪುರದಲ್ಲಿ, ಆಮೇಲೆ ಬೆಳಗಾವಿಯಲ್ಲಿ ದವಾಖಾನೆ ನಡೆಸಿದರು. ದವಾಖಾನೆ ಎಂದರೆ ನಮ್ಮ ಮನೆಯ ಪಡಸಾಲೆಯೇ. ಅಲ್ಲಿ ಆಡಿದ ಮಾತು ನನ್ನ ಒಲೆಯ ಮುಂದೆ ಕೇಳುತ್ತಿತ್ತು. ಗಂಡಸರು ಮುಂಬಾಗಿಲಿಗೆ, ಹೆಂಗಸರು ಹಿತ್ತಲ ಬಾಗಿಲಿಗೆ. ಹೆಂಗಸರಿಗೆ ಮೊದಲ ಡಾಕ್ಟರ್ ನಾನು, ಆಮೇಲೆ ನಮ್ಮವರು.

೧. ಪಡದೆಯ ಆಚೆಯ ಕೈ

ಆಗ ನನಗೆ ಹದಿನೆಂಟು ವರ್ಷ. ಖಾನಾಪುರಕ್ಕೆ ಹೊಸಬಳು. ಪೇಟೆಯಲ್ಲಿ ಕಿರಾಣಿ ಅಂಗಡಿ ಇದ್ದ ಜೈನ ಮನೆತನದ ಯಜಮಾನಿತಿ ಒಂದು ದಿನ ಸೊಸೆಯ ಹೆಗಲು ಹಿಡಿದುಕೊಂಡು ಹಿತ್ತಲಿಗೆ ಬಂದು ಕಟ್ಟೆಯ ಮೇಲೆ ಕುಸಿದು ಕುಳಿತರು.

"ಬಾಯಾರ, ನನ್ನ ಕಥಿ ಮುಗೀತ್ರಿ."

"ಏನಾಗ್ಯದರೀ ಅವ್ವಾ?"

"ತಲಿಯಾಗ ಬೀಸುಕಲ್ಲ ಇಟ್ಟಂಗ ಆಗೇತಿ. ಮುಂಜಾನಿಂದ ಸಂಜಿತನಕ ಗರಗರ ಬೀಸತೈತಿ. ನಮ್ಮ ಅತ್ತೀನೂ ಹಿಂಗ ತಲಿ ತಲಿ ಅಂತಿದ್ದಳು, ಹೋಗೇಬಿಟ್ಟಳು."

"ಅಯ್ಯ! ಅವರಿಗೆ ಎಷ್ಟು ವಯಸ್ಸಾಗಿತ್ರಿ?"

"ಎಂಬತ್ತೆರಡು."

ಅವರು ಪರಗಂಡಸಿನ ಮುಂದೆ ಬರುವವರಲ್ಲ. ನಡುಮನೆಯ ಬಾಗಿಲಿಗೆ ಒಂದು ಧೋತರ ಕಟ್ಟಿದೆ. ಈಚೆ ಅತ್ತೆ, ಸೊಸೆ, ನಾನು, ಆಚೆ ನಮ್ಮವರು. "ಎಷ್ಟು ದಿನದಿಂದ ಅಂತ ಕೇಳು," ಎಂದು ಅವರು ನನಗೆ ಹೇಳುವುದು, ನಾನು ಅದನ್ನೇ ಅತ್ತೆಯವರಿಗೆ ಹೇಳುವುದು. ನಡುವೆ ಇದ್ದದ್ದು ಒಂದು ಧೋತರದ ಅರಿವೆ. ಎಲ್ಲರಿಗೂ ಎಲ್ಲವೂ ಕೇಳುತ್ತಿತ್ತು. ಆದರೂ ನಾನಿಲ್ಲದೆ ಮಾತು ದಾಟುತ್ತಿರಲಿಲ್ಲ.

ಕೊನೆಗೆ ನಮ್ಮವರು, "ನಾಡಿ ನೋಡಬೇಕು, ಕೈ ಈಕಡೆ ಚಾಚಲಿ," ಎಂದರು. ಅತ್ತೆಯವರ ಮುಖ ಸುಣ್ಣವಾಯಿತು. ನಾಡಿ ಹಿಡಿದರೆ ಡಾಕ್ಟರಿಗೆ ಸಾಯುವ ದಿನ ಗೊತ್ತಾಗುತ್ತದೆ ಎಂದು ಅವರು ನಂಬಿದ್ದರು. ಆಚೀಚೆ ನೋಡಿದವರೇ ಸೊಸೆಯ ಕೈ ಎಳೆದು, ಸೆರಗು ಸುತ್ತಿ, ಧೋತರದ ಕೆಳಗೆ ತೂರಿಸಿಬಿಟ್ಟರು. ನಾನು ಬಾಯಿ ತೆರೆದೆ. ಅವರು ತುಟಿಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟರು. ಬಾಯಿ ಮುಚ್ಚಿದೆ.

ನಮ್ಮವರು ಮರ್ಯಾದೆಗಾಗಿ ಮುಖ ಆಕಡೆ ತಿರುಗಿಸಿಕೊಂಡೇ ನಾಡಿ ಹಿಡಿದರು. "ಆಹಾ, ಎಂಥಾ ನಾಡಿ! ಹರೇದ ಹುಡಿಗಿ ನಾಡಿ ಇದ್ದಂಗದ. ಯಾವ ರೋಗಾನೂ ಇಲ್ಲ. ನೂರು ವರ್ಷ ಬದಕತಾರಂತ ಹೇಳು."

ಕೈ ಯಾರದೆಂಬುದು ಆ ಕ್ಷಣಕ್ಕೆ ಅತ್ತೆಯವರಿಗೆ ಮರೆತೇಹೋಯಿತು. ಮುಖ ಹೋಳಿಗೆಯಂತೆ ಉಬ್ಬಿತು. ಔಷಧವನ್ನೂ ಕೇಳದೆ ಎದ್ದು ಹೋದರು.

ಹದಿನೈದು ದಿನದ ಮೇಲೆ ಸೊಸೆ ಒಬ್ಬಳೇ ಬಂದಳು.

"ಅತ್ತಿಯವರು ಹೆಂಗಿದ್ದಾರವಾ?"

"ಬಾಳ ಆರಾಮ ಅದಾರ್ರಿ. ನೂರು ವರ್ಷ ಖಾತ್ರಿ ಆತಂತ ಓಣಿ ತುಂಬ ಹೇಳ್ಕೋತ ಅಡ್ಡಾಡಾಕ ಹತ್ಯಾರ."

"ಮತ್ತ ನೀ ಯಾಕ ಬಂದಿ?"

ಆಕೆ ಹಣೆ ಒತ್ತಿಕೊಂಡಳು. "ಅವತ್ತಿನಿಂದ ನನಗ ಸುರು ಆಗೇತ್ರಿ."

೨. ಸುತಳಿಯ ಅಳತೆ

ಖಾನಾಪುರ ಸ್ಟೇಶನ್ನಿನಲ್ಲಿ ಮಾಲು ಇಳಿಸಿಕೊಳ್ಳುವ ಒಬ್ಬ ಕಾರಕೂನರು ಇದ್ದರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಹೆದರಿದಾಗ ಎರಡೂ. ಸಾಂಬ್ರಾದಲ್ಲಿದ್ದ ಅವರ ಮೈದುನ ಯಾರದೋ ಸುದ್ದಿ ಹೇಳಿದ್ದನಂತೆ: ಮೊದಲು ತಲೆನೋವು, ಆಮೇಲೆ ತಲೆಯೊಳಗೆ ನೀರು ತುಂಬಿ ತಲೆಯೇ ದೊಡ್ಡದಾಗಿ ಮನುಷ್ಯ ಸತ್ತನಂತೆ. ಮರುದಿನವೇ ಇವರಿಗೆ ತಲೆನೋವು. ಅಷ್ಟಕ್ಕೇ ಬಿಡಲಿಲ್ಲ. ಚೀಲ ಕಟ್ಟುವ ಸುತಳಿಯನ್ನು ತಲೆಗೆ ಸುತ್ತಿ, ಅಳತೆಗೆ ಗಂಟು ಹಾಕಿ, ಸ್ನಾನದ ಮೊದಲು ದಿನಾ ಅಳೆಯತೊಡಗಿದರು.

ಆಷಾಢದಲ್ಲಿ ಒಂದು ಮುಂಜಾನೆ ಛತ್ರಿ ಬಿಟ್ಟು ತೊಯ್ದುಕೊಂಡೇ ಓಡಿಬಂದರು.

"ಡಾಕ್ಟರಸಾಹೇಬ, ಖರೇ ಹೇಳತೇನಿ, ಗಂಟು ಮುಟ್ಟವಲ್ದು! ಒಂದು ಬೆರಳು ಕಮ್ಮಿ ಬೀಳತದ. ಡೋಕೆ ವಾಡ್ಲೆ! ತಲಿ ಬೆಳದದ!"

ನಮ್ಮವರು ನಗಲಿಲ್ಲ. ನನ್ನಿಂದ ಒಂದು ಬಟ್ಟಲು ನೀರು ತರಿಸಿದರು. ಒಣ ಸುತಳಿಯ ಎರಡು ಸಮ ತುಂಡು ಕತ್ತರಿಸಿ, ಒಂದನ್ನು ನೀರಲ್ಲಿ ಹಾಕಿ, ಸ್ವಲ್ಪ ಹೊತ್ತಿನ ಮೇಲೆ ತೆಗೆದು ಎರಡನ್ನೂ ಒಂದರ ಬಾಜೂಕ್ಕೆ ಒಂದು ಇಟ್ಟರು. ತೊಯ್ದದ್ದು ಗಿಡ್ಡಾಗಿತ್ತು.

"ನೋಡ್ರಿ, ಬೆಳದದ್ದು ನಿಮ್ಮ ತಲಿ ಅಲ್ಲ, ಮಳಿಗಾಲದ ಥಂಡಿಗೆ ಸುತಳಿ ಕುಗ್ಗ್ಯದ."

ಕಾರಕೂನರು ಎರಡೂ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದರು. ನಕ್ಕರು. ನಾನು ಕೊಟ್ಟ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡರು. ತಲೆನೋವು ಆ ಕ್ಷಣಕ್ಕೇ ಹೋಯಿತು. ಹೋಗುವಾಗ ಮಾತ್ರ, "ಇರಲಿ, ಲೆಕ್ಕ ಸರಿ ಇರಬೇಕು," ಎಂದು ತಮ್ಮ ಸುತಳಿಯ ಹಳೆಯ ಗಂಟು ಬಿಚ್ಚಿ, ಮಳೆಯ ಥಂಡಿ ಹಿಡಿದ ಆ ಸುತಳಿಯಲ್ಲೇ ಹೊಸ ಅಳತೆಗೆ ಗಂಟು ಹಾಕಿಕೊಂಡರು.

ಎಂಟೊಂಬತ್ತು ತಿಂಗಳು ಪತ್ತೆ ಇಲ್ಲ. ಬೇಸಿಗೆ ಬಂತು, ಬಿಸಿಲು ಚುರುಗುಟ್ಟಿತು. ಕಾರಕೂನರು ಮತ್ತೆ ಬಾಗಿಲಲ್ಲಿ.

"ಡಾಕ್ಟರಸಾಹೇಬ, ಈಗ ಸುತಳಿ ಒಂದು ಬೆರಳು ಸಡ್ಲ ಆಗಲಿಕ್ಕ ಹತ್ಯದ."

"ಒಳ್ಳೇದಾತಲ್ಲ, ನೀರು ಇಲ್ಲಂತ ಖಾತ್ರಿ ಆತು."

"ನೀರು ಆರಿತು, ಖರೇ," ಎಂದರು ಅಳುವ ದನಿಯಲ್ಲಿ. "ಅದರ ಜೋಡಿ ಮಿದುಳೂ ಒಣಗಲಿಕ್ಕ ಹತ್ತಿರಬೇಕಲ್ರೀ?"

೩. ನೋವಿಲ್ಲದ ದಿನ

ಬೆಳಗಾವಿಗೆ ಬಂದ ಮೇಲೆ ಶಹಾಪುರದ ನೂಲಿನ ವ್ಯಾಪಾರಿಯೊಬ್ಬರು ನಮಗೆ ಗಂಟುಬಿದ್ದರು. ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಅಂಗಡಿಗೆ ಹೋಗುವ ಮೊದಲು ನಮ್ಮಲ್ಲಿಗೆ ಬಂದು, "ಎಡಕ್ಕ ಐತ್ರಿ," ಎನ್ನುವರು. ಮರುದಿನ "ಬಲಕ್ಕ ಹೊಳ್ಳೇತ್ರಿ." ನಮ್ಮವರು "ಏನೂ ಆಗೂದಿಲ್ಲ ಹೋಗ್ರಿ" ಎಂದರೆ ಸಮಾಧಾನ. ಹನ್ನೊಂದು ವರ್ಷದ ತಲೆನೋವಂತೆ ಅದು.

ಒಂದು ದಿನ ಬರಿದಲೆಯಲ್ಲಿ, ಕೆಟ್ಟ ಮುಖ ಮಾಡಿಕೊಂಡು ಬಂದರು.

"ಇವತ್ತ ನೋವು ಇಲ್ಲರಿ."

"ಬೇಶ್ ಆತಲ್ರೀ!"

"ಬೇಶ್ ಹೆಂಗ್ರಿ? ಹನ್ನೊಂದು ವರ್ಷ ಬಿಟ್ಟಿರದ ನೋವು ಇವತ್ತ ಯಾಕ ಬಿಟ್ಟು ಹೋತು? ಒಳಗ ನರ ಸತ್ತಿರಬೇಕ್ರಿ."

ನಮ್ಮವರು ಕಣ್ಣು, ಕಿವಿ, ನಾಲಿಗೆ, ಮೊಣಕಾಲು ಎಲ್ಲಾ ನೋಡಿದರು. ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ತಲೆ ತಗ್ಗಿಸಿಕೊಂಡು ಎದ್ದವರು ಯಾಕೋ ಬಾಗಿಲ ಹತ್ತಿರ ಮೇಲೆತ್ತಿದರು. ನಮ್ಮ ಬಾಗಿಲ ಚೌಕಟ್ಟು ಗಿಡ್ಡು. ಢಬ್ ಎಂದಿತು. ನಾನು ಒಳಗಿನಿಂದ ಓಡಿಬಂದೆ. ಅವರು ಎರಡೂ ಕೈಯಲ್ಲಿ ತಲೆ ಹಿಡಿದು ನಿಂತಿದ್ದರು. ಮುಖ ಮಾತ್ರ ದೀಪಾವಳಿ ದೀಪ.

"ಬಂತ್ರಿ ಡಾಕ್ಟರ! ಬಂತು! ಎಡಕ್ಕ!"

೪. ಪೈಲವಾನರ ರುಮಾಲು

ಇವರ ಸುದ್ದಿ ಹೇಳುವಾಗ ನಗುವುದಕ್ಕೆ ನನಗೆ ಸ್ವಲ್ಪ ಸಂಕೋಚ. ಕಣದಲ್ಲಿ ಎಂಥವನನ್ನಾದರೂ ಎತ್ತಿ ಒಗೆಯುವ ಪೈಲವಾನರು ಅವರು. ರೋಗಿಗಳು ಕೂಡುವ ನಮ್ಮ ಬಾಕಿನ ಮೇಲೆ ಕುಳಿತರೆ ಬಾಕು ಕಿರ್ರ್ ಎನ್ನುತ್ತಿತ್ತು. ಅಂಥವರು ಒಂದು ಮಧ್ಯಾಹ್ನ ಹೆಂಡತಿಯ ಕೈ ಹಿಡಿದುಕೊಂಡು ಬಂದು ಹುಡುಗರಂತೆ ಅತ್ತರು.

"ನಾಕು ದಿನ ಆತ್ರಿ, ತಲಿ ಹಿಂಡಿದಂಗ ಆಗತೈತಿ. ನಮ್ಮ ತಮ್ಮ ಆ ದೊಡ್ಡ ಜ್ವರದಾಗ ಹಿಂಗ ಅಂದಿದ್ದ. 'ಅಣ್ಣಾ, ತಲಿ' ಅಂದ. ನಾ 'ಸುಮ್ಮನ ಮಲಗು' ಅಂದೆ. ಮೂರನೇ ದಿನ ಅಂವಾ ಇರಲಿಲ್ಲ."

ಹೆಂಡತಿ ಮೆಲ್ಲಗೆ ನನಗೆ ಹೇಳಿದಳು: "ಎಮ್ಮಿ ಯಾರಿಗೆ, ಹೊಲ ಯಾರಿಗೆ ಅಂತ ಎಲ್ಲಾ ಹೇಳಿ ಬಂದಾರ್ರಿ ಬಾಯಾರ. ನನ್ನ ನೋಡಿದರ ಸಾಕು, ಕಣ್ಣಾಗ ನೀರು ತರ್ತಾರ."

ನಮ್ಮವರು ಕುರ್ಚಿ ಅವರ ಹತ್ತಿರ ಎಳೆದುಕೊಂಡು ಕುಳಿತರು. ಹಣೆ ಮುಟ್ಟಿದರು, ಜ್ವರ ಇಲ್ಲ. ಬಗಲು ನೋಡಿದರು, ಪ್ಲೇಗಿನ ಗಂಟಿಲ್ಲ. "ರುಮಾಲು ತಗೀರಿ, ತಲಿ ನೋಡೂಣು."

"ಅದೊಂದು ಬ್ಯಾಡ್ರಿ," ಎಂದು ಪೈಲವಾನರು ಎರಡೂ ಕೈಯಿಂದ ರುಮಾಲು ಹಿಡಿದುಕೊಂಡರು.

ಆಗ ನಿಜ ಹೊರಬಿತ್ತು. ಐದು ದಿನದ ಹಿಂದೆ ಕುಸ್ತಿ ಗೆದ್ದಾಗ ಜರಿಯಂಚಿನ ಆ ರುಮಾಲನ್ನು ಅವರ ತಲೆಗೆ ಸುತ್ತಿ ಸನ್ಮಾನ ಮಾಡಿದ್ದರು. ಕೊಲ್ಹಾಪುರದ ಕಡೆಯ ಸುತ್ತು, ನವಿಲಿನ ಹಾಗೆ ತುರಾಯಿ. ಬಿಚ್ಚಿದರೆ ಮತ್ತೆ ಹಾಗೆ ಸುತ್ತಲು ಇವರಿಗೆ ಬರುವುದಿಲ್ಲ. ಅಂದಿನಿಂದ ತಲೆಸ್ನಾನ ಇಲ್ಲ; ಮಲಗುವುದೂ ಗೋಡೆಗೆ ಆನಿಸಿಕೊಂಡೇ.

ನಮ್ಮವರು ಒಂದು ಮಾತೂ ಆಡದೆ ರುಮಾಲು ಬಿಚ್ಚಿದರು. ಹಣೆಯ ಸುತ್ತ ಬೆರಳಗಲ ಬರೆ ಬಿದ್ದಿತ್ತು. ಪೈಲವಾನರು ಕಣ್ಣು ಮುಚ್ಚಿದರು, ಉಸಿರು ಬಿಟ್ಟರು, ತಲೆ ಅಲ್ಲಾಡಿಸಿ ನೋಡಿದರು. "ಹೋತಲ್ರೀ!" ಎಂದರು. ಹೆಂಡತಿ ಅಲ್ಲೇ ನೆಲಕ್ಕೆ ಕೈಮುಗಿದಳು.

ಮರುಗಳಿಗೆಯಲ್ಲಿ ಅವರು ತೊಡೆಯ ಮೇಲೆ ಬಿದ್ದಿದ್ದ ಹತ್ತು ಮೊಳದ ಅರಿವೆಯನ್ನು ನೋಡಿದರು. ಮತ್ತೆ ಕಣ್ಣಲ್ಲಿ ನೀರು.

"ಡಾಕ್ಟರ, ಮೊದಲಿನಂಗ ಸುತ್ತಿ ಕೊಡ್ರಿ. ತಲಿಶೂಲಿ ಹೆಂಗರ ತಡಕೊಂತೇನಿ."

೫. 'ನನ್ನ ಒಬ್ಬ ರೋಗಿ'

ಬೆಳಗಾವಿಯಲ್ಲಿ ಆಗ ಸ್ವದೇಶಿ ಸಭೆಗಳ ಕಾಲ. ಒಂದು ಸಭೆಯಲ್ಲಿ ಪರದೇಶಿ ಅರಿವೆ ಬಿಡಿ ಎಂದು ಭಾಷಣ ಆಯಿತು. ಜನ ಎದ್ದೆದ್ದು ಆಣೆ ಮಾಡಿದರು. ನಮ್ಮವರು ಖಾದಿಯನ್ನೇ ಉಟ್ಟಿದ್ದರು, ಬಿಡಲು ಏನೂ ಇರಲಿಲ್ಲ. ಆವೇಶದಲ್ಲಿ ಎದ್ದು ನಿಂತು, "ನಾನು ಚಾ ಬಿಟ್ಟೆ!" ಎಂದುಬಿಟ್ಟರು. ಚಾ ಬಿಡಿ ಎಂದು ಯಾರೂ ಕೇಳಿರಲಿಲ್ಲ. ದಿನಕ್ಕೆ ಆರು ಕಪ್ಪು ಕುಡಿಯುವ ಮನುಷ್ಯ.

ಮರುದಿನದಿಂದ ಅವರು ಮಂಕಾದರು. ಮುಂಜಾನೆ ಅಂಗಳದಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಬೆರಳಿನಿಂದ ಮೂಗಿನ ತುದಿ ಮುಟ್ಟುವರು. ಫರಸಿ ಕಲ್ಲಿನ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಹಚ್ಚಿ ನಡೆಯುವರು. ಹೊಸ ವ್ಯಾಯಾಮ ಇರಬೇಕು ಎಂದುಕೊಂಡೆ. ಒಂದು ವಾರ ಕಳೆಯಿತು. ಒಂದು ದಿನ ಊಟಕ್ಕೆ ಕುಳಿತವರು, "ನಿನ್ನ ಕೈಯಾನ ಸಾರು ಬಾಳ ರುಚಿ," ಎಂದರು. ಮದುವೆಯಾಗಿ ಎಂಟು ವರ್ಷದಲ್ಲಿ ಸಾರಿನ ಬಗ್ಗೆ ಒಂದು ಮಾತು ಆಡಿದವರಲ್ಲ. ಏನೋ ದೊಡ್ಡದೇ ಆಗಿದೆ ಎಂದು ಅವತ್ತೇ ಖಾತ್ರಿಯಾಯಿತು. ಕೇಳಿದರೆ "ಏನಿಲ್ಲ." ದೇವರಿಗೆ ತುಪ್ಪದ ದೀಪ ಹರಕೆ ಹೊತ್ತೆ.

ಎರಡು ದಿನದ ಮೇಲೆ ಟಪಾಲಿನವನು ಬಂದ. ನಮ್ಮವರು ರೋಗಿಯೊಬ್ಬರನ್ನು ನೋಡಲು ಹೋಗಿದ್ದರು. ಆತ ಕಾರ್ಡು ಚಾಚುತ್ತಾ, "ಬಾಯಾರ, ಅಂಜಬ್ಯಾಡ್ರಿ. ಗಂಟು ಇಲ್ಲಂತ," ಎಂದ.

"ಯಾವ ಗಂಟೋ?"

"ಸಾಹೇಬ್ರ ತಲ್ಯಾಗಿಂದ್ರಿ."

ಕಾರ್ಡು ಧಾರವಾಡದ ಗೆಳೆಯ ಡಾಕ್ಟರರದು. ಅದರಲ್ಲಿ ಹೀಗಿತ್ತು:

'ನಿನ್ನ ಒಬ್ಬ ರೋಗಿಯ ಹಕೀಕತ್ತು ಓದಿದೆ. ತಲೆಯಲ್ಲಿ ಗಂಟಿಲ್ಲ, ಅಂಜಿಕೆ ಇದೆ. ಎಡಹುಬ್ಬಿನ ಮೇಲಿನ ಹಳೆಯ ಗಾಯದ ಹತ್ತಿರ ನೋವು ಎಂದು ಬರೆದಿರುವೆ. ಕ್ರಿಕೆಟ್ ಚೆಂಡಿನಿಂದ ಆ ಗಾಯ ಮಾಡಿದವನು ನಾನೇ ಅಲ್ಲವೇನೋ? ರೋಗಿ ಇತ್ತೀಚೆಗೆ ಯಾವುದಾದರೂ ಚಟ ಬಿಟ್ಟಿದ್ದಾನೆಯೇ ಎಂದು ಅವನ ಹೆಂಡತಿಯನ್ನು ಕೇಳು. ಆಕೆಗೆ ನನ್ನ ನಮಸ್ಕಾರ.'

ಆ 'ರೋಗಿ' ಯಾರು, ಅಂಗಳದ ವ್ಯಾಯಾಮ ಯಾವ ರೋಗದ ಪರೀಕ್ಷೆ ಎಂದು ಆಗ ನನಗೆ ಹೊಳೆಯಿತು. ನಮ್ಮವರು ಬಂದು ಕೈಕಾಲು ತೊಳೆದುಕೊಂಡರು. ನಾನು ಶುಂಠಿ ಜಜ್ಜಿ ಹಾಕಿ ಚಾ ಮಾಡಿ, ಬಸಿಯ ಕೆಳಗೆ ಕಾರ್ಡು ಇಟ್ಟು ತಂದೆ. ಓದಿದರು. ಕಿವಿ ಕೆಂಪಾದವು.

"ಸಭಾದಾಗ ಆಣಿ ಮಾಡೇನಲ್ಲಾ," ಎಂದರು ಕಪ್ಪಿನ ಕಡೆ ನೋಡುತ್ತಾ.

"ಇದು ಚಾ ಅಲ್ಲ, ಔಷಧ. ಡಾಕ್ಟರ ಚೀಟಿ ಅದ ನೋಡ್ರಿ."

ಒಂದಲ್ಲ, ಎರಡು ಕಪ್ಪು ಕುಡಿದರು. ತಾಸು ಹೊತ್ತಿನಲ್ಲಿ ಹಣೆಯ ಗಂಟು ಸಡಿಲಾಯಿತು. ನಗತೊಡಗಿದರು. ನಗುನಗುತ್ತಲೇ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡು, "ಇಷ್ಟು ದಿನಾ ನೀ ಒಬ್ಬಾಕೀನ ಹೆಂಗ ಇರ್ತೀ ಅನ್ನೂದ ವಿಚಾರಾಗಿತ್ತು," ಎಂದರು. ನನಗೆ ಬೈಯಬೇಕೆಂದಿತ್ತು; ಮೂರನೆಯ ಕಪ್ಪಿಗೆ ಒಲೆಯ ಮೇಲೆ ನೀರಿಟ್ಟೆ.

ಮರುದಿನ ಬಾಗಿಲು ತೆಗೆದರೆ ಕಟ್ಟೆಯ ತುಂಬ ಜನ. ಟಪಾಲಿನವನು ನಮ್ಮ ಮನೆಯಾದ ಮೇಲೆ ಇನ್ನೂ ನಾಲ್ಕು ಓಣಿ ತಿರುಗಿದ್ದ; ಕಾರ್ಡಿನ 'ಚಟ'ಕ್ಕೆ ಸಭೆಯ ಆಣೆಯನ್ನು ತಾನೇ ಜೋಡಿಸಿಕೊಂಡು, ಡಾಕ್ಟರ ತಲಿಶೂಲಿಗೆ ಔಷಧ ಯಾವುದೆಂದು ಮನೆಮನೆಗೆ ಹೇಳಿದ್ದ. ಎಲ್ಲರಿಗೂ ತಲೆನೋವು. ಎಲ್ಲರ ಕೈಯಲ್ಲೂ ಮನೆಯಿಂದ ತಂದ ಲೋಟ, ವಾಟಗ, ತಂಬಿಗೆ.

ನಮ್ಮವರು ಗಂಟಲು ಸರಿಮಾಡಿಕೊಂಡು, "ನೋಡ್ರಿ, ತಲಿಶೂಲಿ ಅಂದರ ಬಾಳ ಸಲ ಬರೇ ಅಂಜಿಕಿ ಇರ್ತದ. ಮನಸ್ಸು ಗಟ್ಟಿ ಮಾಡಬೇಕು, ಅಂಜಬಾರದು," ಎಂದು ಶುರುಮಾಡಿದರು. ಎಲ್ಲರೂ ಗೋಣು ಹಾಕಿದರು. ಸಾಲಿನ ಮುಂದಿದ್ದ ಮುದುಕರು ಎಲ್ಲವನ್ನೂ ಸಾವಧಾನದಿಂದ ಕೇಳಿ, ತಮ್ಮ ದೊಡ್ಡ ತಂಬಿಗೆಯನ್ನು ಮೇಜಿನ ಮೇಲಿಟ್ಟರು.

"ಖರೇ ಐತ್ರಿ ಸಾಹೇಬ್ರ. ಆದರ ನನಗ ಸಕ್ರಿ ಸ್ವಲ್ಪ ಜಾಸ್ತಿ ಹಾಕಸ್ರಿ, ಬ್ಯಾನಿ ಬಾಳ ಐತಿ."