ಮೋತಿಯ ಒಪ್ಪೊತ್ತು

ಅಜ್ಜಂಪುರದ ಷಣ್ಮುಖಪ್ಪನ ಫಜೀತಿಗೆಲ್ಲ ಮೂಲ ಒಂದು ಉದ್ದಿನವಡೆ. ಅದೂ ಇಡಿಯದಲ್ಲ, ಅರ್ಧ.

ದೇಶದಲ್ಲಿ ಅಕ್ಕಿಗೆ ತತ್ವಾರವಾಗಿದ್ದ ಕಾಲ ಅದು. ಸೋಮವಾರ ರಾತ್ರಿಯ ಊಟ ಬಿಡಿ ಎಂದು ದಿಲ್ಲಿಯಿಂದಲೇ ಕರೆ ಬಂದಿತ್ತು. ಹೋಟೆಲುಗಳೂ ಆ ಸಂಜೆ ಬಾಗಿಲು ಹಾಕುತ್ತಿದ್ದವು. ಅದರ ಹಿಂದೆಯೇ ಇನ್ನೊಂದು ಸುದ್ದಿ ಬಂತು: ಊರಿಗೊಂದು ನ್ಯಾಯಬೆಲೆ ಅಂಗಡಿ ಬರುತ್ತದೆ, ಒಳ್ಳೆಯ ನಡತೆಯವರಿಗೇ ಕೊಡುತ್ತಾರೆ ಅಂತ. ಷಣ್ಮುಖಪ್ಪ ಮೆಣಸಿನಕಾಯಿ ವ್ಯಾಪಾರ ಮಾಡಿ ಸೋತಿದ್ದ, ಶೇಂಗಾ ವ್ಯಾಪಾರ ಮಾಡಿ ಇನ್ನೂ ಸೋತಿದ್ದ. ಮಾವನ ಮನೆಯವರ ಮುಂದೆ ತಲೆಯೆತ್ತಿ ನಡೆಯಬೇಕಾದರೆ ಈ ಅಂಗಡಿ ಸಿಗಲೇಬೇಕಿತ್ತು. ಹೆಗಲಿಗೆ ಬಿಳಿ ವಲ್ಲಿ ಏರಿಸಿ, ಮನೆಮನೆಗೂ ಹೋಗಿ ಒಪ್ಪೊತ್ತಿನ ಮಹಿಮೆ ಸಾರತೊಡಗಿದ.

ಊರೇನೋ ಅವನ ಮಾತು ಕೇಳಿತು. ಅವನ ಹೊಟ್ಟೆ ಮಾತ್ರ ಕೇಳಲಿಲ್ಲ. ಸೋಮವಾರ ದೀಪ ಹಚ್ಚುವ ಹೊತ್ತಿಗೆ ನಾಯಿ ಮೋತಿಯನ್ನು ತಿರುಗಾಡಿಸುವ ನೆಪದಲ್ಲಿ ಸ್ಟೇಷನ್ ರಸ್ತೆಯ ಭಟ್ಟರ ಹೋಟೆಲಿನ ಹಿತ್ತಲಿಗೆ ಹೋಗುತ್ತಿದ್ದ. ಮೋತಿ ಕದ ಕೆರೆಯುತ್ತಿತ್ತು. ಕದ ಗೇಣುದ್ದ ತೆರೆದು, ಎಲೆಯಲ್ಲಿ ಸುತ್ತಿದ ವಡೆ ಹೊರಗೆ ಬರುತ್ತಿತ್ತು. ಮೋತಿ ಮಹಾ ಮರ್ಯಾದಸ್ಥ ನಾಯಿ. ಯಜಮಾನ ಮೊದಲು ಬಾಯಿಗೆ ಹಾಕಿಕೊಳ್ಳದೆ ತಾನು ವಡೆ ಮುಟ್ಟುತ್ತಿರಲಿಲ್ಲ. ಕಾಲ ಬುಡದಲ್ಲಿ ಕೂತು ಕುಂಯ್‌ಗುಡುತ್ತಿತ್ತು. ಹೀಗಾಗಿ ಅವನಿಗರ್ಧ, ಅದಕ್ಕರ್ಧ.

ವಡೆಯ ರುಚಿ ಕಂಡ ಬಾಯಿಗೆ ಮುದ್ದೆ ಹಿಡಿಸೀತೇ? ಸೋಮವಾರ ಬಂದರೆ ಮೋತಿ ಮುದ್ದೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೆಂಡತಿ ಸಾವಿತ್ರಮ್ಮನಿಗೆ ಈ ಗುಟ್ಟೇನು ಗೊತ್ತು, ಪಾಪ. ನಮ್ಮನೆ ನಾಯಿನೂ ಒಪ್ಪೊತ್ತು ಮಾಡ್ತೈತೆ ಕಣ್ರೀ ಎಂದು ಗೋಡೆಯಾಚೆಯ ಲಿಂಗಮ್ಮನಿಗೆ ಹೇಳಿದಳು. ಲಿಂಗಮ್ಮನಿಗೆ ಹೇಳಿದ ಮೇಲೆ ತಮಟೆ ಹೊಡೆಸುವ ಅಗತ್ಯವಿರಲಿಲ್ಲ. ಸುದ್ದಿ ಬಸ್ಸು ಹತ್ತಿ ತರೀಕೆರೆಯ ತಾಲ್ಲೂಕು ಕಚೇರಿ ತಲುಪಿತು.

ಒಂದು ಸೋಮವಾರ ಇಳಿಹೊತ್ತಿನಲ್ಲಿ ಅಮಲ್ದಾರರ ಜೀಪು ಷಣ್ಮುಖಪ್ಪನ ಮನೆ ಮುಂದೆಯೇ ನಿಂತಿತು. ದೇಶಭಕ್ತ ನಾಯಿಯನ್ನು ಕಣ್ಣಾರೆ ಕಾಣಬೇಕೆಂದರು. ಅವರ ಬೆನ್ನಿಗೆ ಎದುರು ಮನೆಯ ಬೆಲ್ಲದ ವ್ಯಾಪಾರಿ ಗಂಗಾಧರಯ್ಯ. ಅಮಲ್ದಾರರ ಕೈಯಲ್ಲಿದ್ದ ಆ ನ್ಯಾಯಬೆಲೆ ಅಂಗಡಿಯ ಮೇಲೆ ಅವನದೂ ಒಂದು ಕಣ್ಣಿತ್ತು. "ಪರೀಕ್ಷೆ ಮಾಡೇ ಬಿಡಣ ಸ್ವಾಮಿ" ಎಂದವನೇ ತನ್ನ ಮನೆಯಿಂದ ಬಿಸಿ ಮುದ್ದೆ, ಹುರುಳಿ ಸಾರು ತರಿಸಿ ಮೋತಿಯ ಮುಂದೆ ಇಡಿಸಿದ.

ಅವತ್ತಿನ ವಡೆ ಇನ್ನೂ ಹೊಟ್ಟೆಗೆ ಬಿದ್ದಿರಲಿಲ್ಲ, ನಾಯಿ ಹಸಿದಿತ್ತು. ಮೋತಿ ಮುದ್ದೆಯನ್ನು ಮೂಸಿತು. ಮುಖ ತಿರುಗಿಸಿತು. ಮೈಮುರಿದು, ಯಜಮಾನನನ್ನು ನೋಡಿ ಬಾಲ ಅಲ್ಲಾಡಿಸಿತು. ನೆರೆದವರು ಚಪ್ಪಾಳೆ ತಟ್ಟಿದರು.

ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಮೋತಿಗೆ ಹೊತ್ತು ಮೀರುತ್ತಿತ್ತು. ಷಣ್ಮುಖಪ್ಪನ ಪಂಚೆಯ ಅಂಚನ್ನು ಕಚ್ಚಿ ಎಳೆಯಿತು, ಅವನು ಕದಲಲಿಲ್ಲ. ಬಿಟ್ಟು ತಾನೇ ಹೊರಟಿತು. ಸೋಮವಾರವಲ್ಲವೇ, ಈಶ್ವರನ ಗುಡಿಗೇ ಇರಬೇಕು ಎಂದಳು ಲಿಂಗಮ್ಮ. ಅಮಲ್ದಾರರು ಭಕ್ತಿಯಿಂದ ನಾಯಿಯ ಹಿಂದೆ ನಡೆದರು, ಅವರ ಹಿಂದೆ ಊರು. ಕವಲಿನಲ್ಲಿ ಗುಡಿ ಬಲಕ್ಕಿತ್ತು. ಮೋತಿ ಎಡಕ್ಕೆ ತಿರುಗಿತು. ಷಣ್ಮುಖಪ್ಪ ಅಪ್ಪಾ ಎಂದ, ಮಗನೇ ಎಂದ, ಹಲ್ಲು ಕಚ್ಚಿ ಬೈದ. ಮಾತು ಮೀರದ ನಾಯಿಗೆ ಅವತ್ತು ಕಿವಿಯೇ ಇರಲಿಲ್ಲ.

ಹೋಟೆಲಿನ ಹಿತ್ತಲ ಕದವನ್ನು ಮೋತಿ ಕೆರೆಯಿತು. ಕದ ಗೇಣುದ್ದ ತೆರೆಯಿತು. ಎಲೆಯ ಪೊಟ್ಟಣ ಹಿಡಿದ ಕೈಯೊಂದು ಹೊರಬಂತು. "ಬೇಗ ತಗೊಳ್ಳಿ ಮಾರಾಯ್ರೆ, ಅಮಲ್ದಾರ್ರು ಊರಲ್ಲಿದ್ದಾರೆ."

ಅಮಲ್ದಾರರು ಕದ ತಳ್ಳಿದರು. ಯಾರಿಗಿದು ಎಂದು ಕೇಳಿದ್ದಕ್ಕೆ ಭಟ್ಟರು, ನಾಯಿಗೆ ಸ್ವಾಮಿ, ಬೆಳಗಿನದು ಮಿಕ್ಕಿತ್ತು ಎಂದು ತೊದಲಿದರು.

"ನಾಯಿಗೆ ತಗೊಳ್ಳಿ ಅಂತಾರಾ ಭಟ್ರೆ?" ಎಂದ ಗಂಗಾಧರಯ್ಯ.

"ಒಪ್ಪೊತ್ತು ಮಾಡುವ ನಾಯಿಯನ್ನ ಏಕವಚನದಲ್ಲಿ ಕರೆಯೋದು ಹೇಗೆ?"

ಅಷ್ಟರಲ್ಲಿ ಮೋತಿ ಪೊಟ್ಟಣವನ್ನು ಕಚ್ಚಿ ತಂದು, ಎಲ್ಲರೆದುರು ಷಣ್ಮುಖಪ್ಪನ ಕಾಲ ಬಳಿ ಇಟ್ಟು ಕೂತಿತು. ಎಲೆ ಬಿಚ್ಚಿಕೊಂಡು ವಡೆ ಹೊರಗೆ ಬಂತು. ಷಣ್ಮುಖಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂಗಡಿ ಹೋಯಿತು, ಮಾನವೂ ಹೋಯಿತು ಎಂದು ಕಣ್ಣು ಮುಚ್ಚಿದ.

ಆದರೆ ಅಮಲ್ದಾರರು ಬಗ್ಗಿ ಮೋತಿಯ ತಲೆ ಸವರಿದರು. ಬಾಯಿಗೆ ಬಂದ ವಡೆಯನ್ನೂ ಯಜಮಾನನ ಪಾದಕ್ಕೊಪ್ಪಿಸಿ ಹಸಿದು ಕೂತಿದೆಯಲ್ಲ, ಇದಲ್ಲವೇ ವ್ರತ ಎಂದರು. ಲಿಂಗಮ್ಮ ನಾಯಿಗೇ ಕೈಮುಗಿದಳು.

ಅಂಗಡಿ ಕೈಬಿಟ್ಟುಹೋಗುತ್ತಿರುವುದು ಈಗ ಗಂಗಾಧರಯ್ಯನಿಗೆ ಗೊತ್ತಾಯಿತು. ಅಮಲ್ದಾರರನ್ನು ಮೆಲ್ಲಗೆ ರಸ್ತೆಯ ಕಡೆ ಕರೆದೊಯ್ದ. "ಇಂಥ ವೈರಾಗ್ಯದೋರನ್ನ ಅಕ್ಕಿ ಸಕ್ಕರೆ ತೂಗಕ್ಕೆ ಕೂರಿಸ್ಬಾರ್ದು ಸ್ವಾಮಿ. ಆ ಪಾಪದ ಕೆಲ್ಸ ಬೇಕಾದ್ರೆ ನಾನು ಮಾಡ್ತೀನಿ." ಏನು ನಡೆಯುತ್ತದೋ ಕೇಳಲು ಭಟ್ಟರೂ ಸೇರಿ ಊರೆಲ್ಲ ಅತ್ತ ಹೋಯಿತು.

ಕದದ ಬಳಿ ಉಳಿದವರು ಷಣ್ಮುಖಪ್ಪ, ಮೋತಿ, ವಡೆ. ಮೋತಿಯ ಕುಂಯ್‌ಗುಟ್ಟುವಿಕೆ ಊಳಾಗತೊಡಗಿತು. ಇನ್ನೊಂದು ಗಳಿಗೆ ಬಿಟ್ಟರೆ ಎಲ್ಲರೂ ತಿರುಗಿ ಬರುತ್ತಾರೆ. ಅದರ ಬಾಯಿ ಮುಚ್ಚಿಸುವ ಉಪಾಯ ಅವನಿಗೆ ಗೊತ್ತಿದ್ದದ್ದು ಒಂದೇ. ಹಸಿವೂ ಆಗಿತ್ತೆನ್ನಿ. ವಡೆ ಮುರಿದು ತನ್ನ ಪಾಲನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ. ಮೋತಿ ತನ್ನ ಪಾಲನ್ನು ಗುಳುಂ ಮಾಡಿತು.

"ಷಣ್ಮುಖಪ್ಪನವರೇ," ಅಮಲ್ದಾರರು ತಿರುಗಿದರು. ಅವರ ಜೊತೆ ಊರೇ ತಿರುಗಿತು. "ಅಂಗಡಿ ನಿಮಗೆ ಬೇಕೋ ಬೇಡವೋ? ಒಂದು ಮಾತು ಹೇಳಿ, ಈಗಲೇ ಬರೆದುಕೊಡ್ತೀನಿ."

ಬೇಕು! ಜನ್ಮದಲ್ಲಿ ಏನನ್ನೂ ಅವನು ಇಷ್ಟು ಬೇಕು ಅಂದುಕೊಂಡಿರಲಿಲ್ಲ. ಅಗಿದರೆ ಸಿಕ್ಕಿಬೀಳುತ್ತಾನೆ, ಬಾಯಿ ತೆರೆದರೂ ಸಿಕ್ಕಿಬೀಳುತ್ತಾನೆ. ನುಂಗಲು ಹೋದ, ಬೆಳಗಿನ ವಡೆ, ಗಂಟಲಲ್ಲೇ ಕೂತಿತು. ಉಬ್ಬಿದ ಕೆನ್ನೆ ಕಾಣದಂತೆ ಎರಡೂ ಕೈ ಜೋಡಿಸಿ ಬಾಯಿಗೆ ಅಡ್ಡ ಹಿಡಿದ. ಬಿಕ್ಕಳಿಕೆಗೆ ತಲೆ ಅತ್ತಿತ್ತ ಅಲ್ಲಾಡಿತು, ಕಣ್ಣಲ್ಲಿ ನೀರು ಸುರಿಯಿತು.

"ನೋಡಿದಿರಾ," ಎಂದರು ಅಮಲ್ದಾರರು, "ಕೈಮುಗಿದು, ಕಣ್ಣೀರು ಹಾಕಿ ಬೇಡ ಅಂತಿದ್ದಾರೆ." ಹಿಂದೆಯೇ ಬಂದು ರಸ್ತೆಯಲ್ಲಿ ನಿಂತಿದ್ದ ಜೀಪಿನ ಮೇಲೆ ಕಾಗದವಿಟ್ಟು ಗಂಗಾಧರಯ್ಯನ ಹೆಸರಿಗೆ ಬರೆದುಕೊಟ್ಟು ತರೀಕೆರೆಗೆ ಹೊರಟರು.

ಜನ ಕರಗಿದ ಮೇಲೆ ಗಂಗಾಧರಯ್ಯ ಹಿಂದಿರುಗಿ ಬಂದ. ಷಣ್ಮುಖಪ್ಪನ ಬೆನ್ನಿಗೆ ಎರಡು ಗುದ್ದಿ, ಮೀಸೆಯ ಮೇಲಿನ ವಡೆಯ ಚೂರನ್ನು ತಾನೇ ಒರೆಸಿದ.

"ಸೋಮವಾರದ ವಡೆ ಒಸಿ ಗಟ್ಟಿನೇ ಕಣಪ್ಪಾ. ಭಟ್ರತ್ರ ಚಟ್ನಿ ಕೇಳಿ ಈಸ್ಕೋಬೇಕು. ನಾನು ವಾರವಾರವೂ ಹಂಗೇ ತಿನ್ನೋದು."

ವಡೆ ಆಗ ಇಳಿಯಿತು.