ಸೆಕೆಂಡಿಗೆ ಎಷ್ಟು ಸಾವಿರ ಸಲ?

ಪವರ್ ಸಪ್ಲೈ ಡಿಸೈನ್ ಮಾಡುವವನ ಹಣೆಬರಹವೇ ಇಷ್ಟು. ಎಲ್ಲರಿಗೂ ಗೊತ್ತಿರುವ ಕೆಲಸವನ್ನು ಅವನೊಬ್ಬನೇ ಮಾಡಬೇಕು. ವಿಕ್ರೋಳಿಯ ಫ್ಯಾಕ್ಟರಿಯೊಂದರಲ್ಲಿ ಎಷ್ಟೋ ವರ್ಷಗಳಿಂದ ನನ್ನ ಪಾಡು ಇದೇ. ಪ್ಲಗ್ಗಿನಿಂದ ಬರುವ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡಿ ಹದಕ್ಕೆ ತರುವ ಡಬ್ಬಿಯೇ ಈ ಪವರ್ ಸಪ್ಲೈ. ಎಷ್ಟು ಸಾವಿರ ಸಲ ಎನ್ನುವುದೇ ಫ್ರೀಕ್ವೆನ್ಸಿ. ಹೆಚ್ಚಿಸಿದರೆ ಡಬ್ಬಿ ಚಿಕ್ಕದಾಗುತ್ತದೆ, ಆದರೆ ಕಾಯುತ್ತದೆ. ತಗ್ಗಿಸಿದರೆ ತಣ್ಣಗಿರುತ್ತದೆ, ಆದರೆ ದಪ್ಪಗಾಗುತ್ತದೆ.

ಈ ಸಲ ಬೇಕಾಗಿದ್ದದ್ದು ಹೋಟೆಲುಗಳಲ್ಲಿ ಬೆಳಗುವ ಮೆನು ಬೋರ್ಡಿಗೆ. ಮೂರು ಮಾದರಿಯೊಳಗೆ ಸರಿಹೋಗದಿದ್ದರೆ ನನ್ನನ್ನು ಕೈಪಿಡಿ ಬರೆಯುವ ಸೆಕ್ಷನ್ನಿಗೆ ಹಾಕುವುದಾಗಿ ಸಾಹೇಬರು ಹೇಳಿಬಿಟ್ಟಿದ್ದರು. "ಒದ್ದೆ ಕೈಯಿಂದ ಮುಟ್ಟಬೇಡಿ" ಎಂದು ಬರೆಯುತ್ತಾ ರಿಟೈರ್ ಆಗುವುದು ನನಗೆ ಸುತರಾಂ ಇಷ್ಟವಿರಲಿಲ್ಲ.

ಸಾಹೇಬರ ಆಸೆ

ಸಾಹೇಬರು ಜೇಬಿನಿಂದ ತಮ್ಮ ಫೋನ್ ಚಾರ್ಜರ್ ತೆಗೆದು ನನ್ನ ಡಬ್ಬಿಯ ಪಕ್ಕದಲ್ಲಿಟ್ಟರು. "ಇತಕಾ ಮೋಠಾ ಕಶಾಲಾ?" ಎಂದು ಕೇಳಿದರು. ಇಷ್ಟು ದೊಡ್ಡದು ಯಾಕೆ ಅಂತ.

"ಚಿಕ್ಕದು ಮಾಡಿದರೆ ಕಾಯುತ್ತೆ ಸರ್" ಎಂದೆ. ಕೇಳಲಿಲ್ಲ. ಸರಿ, ಮೊದಲ ಮಾದರಿಯ ಫ್ರೀಕ್ವೆನ್ಸಿಯನ್ನು ಮೂರು ಲಕ್ಷಕ್ಕೆ ಏರಿಸಿದೆ. ಡಬ್ಬಿ ಅರ್ಧವಾಯಿತು, ಮುಟ್ಟಿದವರು ಕೈ ಕೊಡವಿಕೊಂಡರು. ಬಿಸಿ ಹೊರಹಾಕಲು ಬೆನ್ನಿಗೆ ಅಲ್ಯೂಮಿನಿಯಂ ಹಲಗೆಗಳನ್ನು ಕೂರಿಸಿದೆ. ಈಗ ಅದು ಹಳೆಯ ಡಬ್ಬಿಗಿಂತ ದೊಡ್ಡದಾಯಿತು.

ಸಾಹೇಬರು ಹಲಗೆಗಳ ನಡುವೆ ಇಣುಕಿ ನೋಡಿ ಹೇಳಿದರು, "ಡಬ್ಬಾ ತರ್ ಲಹಾನ್ ಝಾಲಾ ನಾ!" ಡಬ್ಬಿಯಂತೂ ಚಿಕ್ಕದಾಯ್ತಲ್ಲ ಅಂತ.

ಗ್ರಾಂಟ್ ರೋಡಿನ ಹೋಟೆಲು

ಎರಡನೆಯದನ್ನು ಸಿಟ್ಟಿನಲ್ಲಿ ಹದಿನೈದು ಸಾವಿರಕ್ಕೆ ಇಳಿಸಿದೆ. ಇಟ್ಟಿಗೆಯಷ್ಟು ದಪ್ಪ, ಮಂಜುಗಡ್ಡೆಯಷ್ಟು ತಣ್ಣಗೆ. ದಾದರಿನಲ್ಲಿ ಗಾಡಿ ಬದಲಿಸುವಾಗ ಎದೆಗವಚಿಕೊಂಡು ಒಯ್ದು, ಗ್ರಾಂಟ್ ರೋಡಿನಲ್ಲಿ ಉಡುಪಿಯವರೊಬ್ಬರ ಹೋಟೆಲಿನಲ್ಲಿ ಪರೀಕ್ಷೆಗೆ ಕೂರಿಸಿ ಬಂದೆ.

ವಾರ ಬಿಟ್ಟು ಮಗಳನ್ನು ಕರೆದುಕೊಂಡು ದೋಸೆ ತಿನ್ನಲು ಹೋದರೆ, ಅವಳು ಕೂತ ತಕ್ಷಣ ಕಿವಿ ಮುಚ್ಚಿಕೊಂಡಳು. "ಪಪ್ಪಾ, ಯೇ ಕ್ಯಾ ಬಜ್ ರಹಾ ಹೈ?" ಇದೇನು ಸದ್ದು ಅಂತ. ಆಗ ಹೊಳೆಯಿತು. ಹದಿನೈದು ಸಾವಿರವೆಂದರೆ ಕಿವಿಗೆ ಕೇಳುವ ಕೀರಲು ಸದ್ದು. ಕೇಳುವುದು ಎಳೆಯರಿಗೆ ಮಾತ್ರ. ನನ್ನ ವಯಸ್ಸಿನವರಿಗೆ ಇಲ್ಲ.

ನಾಚಿಕೆಯಿಂದ ಡಬ್ಬಿ ಬಿಚ್ಚಲು ಹೋದೆ. ಮಾಲೀಕರು ಕೈ ಹಿಡಿದುಕೊಂಡರು. "ಮುಟ್ಬೇಡಿ ಮಾರಾಯ್ರೆ! ಕಾಲೇಜಿನವ್ರು ಒಂದು ಕಾಫಿ ತಗೊಂಡು ಎರಡು ಗಂಟೆ ಕೂರ್ತಿದ್ರು. ಈಗ ಹತ್ತೇ ನಿಮಿಷದಲ್ಲಿ ಟೇಬಲ್ ಖಾಲಿ. ಎಂತ ಮಾಡಿದ್ರಿ ಗೊತ್ತಿಲ್ಲ, ಏಸಿ ರೂಮಿಗೂ ಒಂದು ಕೊಡಿ."

ಕೊನೆಯ ಮಾದರಿ

ಮೂರನೆಯದಕ್ಕೆ ಫ್ರೀಕ್ವೆನ್ಸಿ ಬದಲಿಸುವ ಪುಟ್ಟ ಸ್ಕ್ರೂ ಇಟ್ಟೆ. ಅದೇ ತಪ್ಪಾಯಿತು. ನನ್ನ ಮೇಜಿನ ಬಳಿ ಬಂದವರೆಲ್ಲ ತಿರುಗಿಸುವವರೇ. ಸಾಹೇಬರು ಬಲಕ್ಕೆ, ಟೆಸ್ಟಿಂಗಿನವರು ಎಡಕ್ಕೆ. ರೋಸಿಹೋಗಿ, ಅರವತ್ತೈದು ಸಾವಿರಕ್ಕೆ ಖಾಯಂ ಮಾಡಿ ಬೆಸುಗೆ ಹಾಕಿದೆ. ಸ್ಕ್ರೂವನ್ನು ಅಲ್ಲೇ ಬಿಟ್ಟೆ, ಒಳಗಿನ ತಂತಿ ಮಾತ್ರ ಕತ್ತರಿಸಿದೆ. ಅವರು ತಿರುಗಿಸುತ್ತಲೇ ಇದ್ದರು. "ಈಗ ಬರೋಬರ್" ಎಂದರು ಸಾಹೇಬರು. "ಈಗ ಠಂಡಾ" ಎಂದರು ಟೆಸ್ಟಿಂಗಿನವರು. ಮೊದಲ ಬಾರಿಗೆ ಇಬ್ಬರೂ ಒಪ್ಪಿದ್ದರು.

ಆಮೇಲೆ ಹೊರಗಿನ ಲ್ಯಾಬಿನ ಪರೀಕ್ಷೆ. ಡಬ್ಬಿಯ ಗಲಾಟೆ ಸುತ್ತಲಿನ ರೇಡಿಯೋಗಳನ್ನು ಕೆಡಿಸುತ್ತದೆಯೇ ಎಂದು ಅಳೆಯುತ್ತಾರೆ. ಅಲ್ಲಿನ ಹುಡುಗಿ ಪರದೆ ನೋಡಿ, "ಸರ್, ಥೋಡಾ ಊಪರ್ ಜಾ ರಹಾ ಹೈ. ಏಕ್ ಬಾರ್ ಔರ್ ದೇಖ್ತೇ ಹೈಂ" ಎಂದಳು. ಮಿತಿಗಿಂತ ಸ್ವಲ್ಪ ಮೇಲೆ ಹೋಗ್ತಿದೆ, ಇನ್ನೊಂದು ಸಲ ನೋಡೋಣ ಅಂತ. ನನ್ನ ಕಣ್ಣ ಮುಂದೆ ಕೈಪಿಡಿಯ ಸೆಕ್ಷನ್ ಬಂದು ನಿಂತಿತು.

ಮತ್ತೆ ಅಳೆದಳು. "ಪಾಸ್! ಕ್ಯಾ ಕಿಯಾ ಸರ್?"

"ಸ್ವಲ್ಪ ಅಡ್ಜಸ್ಟ್ ಕಿಯಾ" ಎಂದೆ. ಆಮೇಲೆ ನೋಡಿಕೊಂಡರೆ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ತಂತಿ ಕತ್ತರಿಸಿದ್ದ ಅದೇ ಸ್ಕ್ರೂವನ್ನು ಅರ್ಧ ಸುತ್ತು ಎಡಕ್ಕೆ ತಿರುಗಿಸಿದ್ದೆ.

ಅವಳು ಅದನ್ನು ವರದಿಯಲ್ಲೂ ಬರೆದಳು. ಈಗ ಫ್ಯಾಕ್ಟರಿಯಲ್ಲಿ ಪ್ರತಿ ಡಬ್ಬಿಗೂ ಆ ಸ್ಕ್ರೂ ಕೂರಿಸಿ, ಅರ್ಧ ಸುತ್ತು ಎಡಕ್ಕೆ ತಿರುಗಿಸಿ, ಯಾರೂ ಮುಟ್ಟದಂತೆ ಕೆಂಪು ಪೇಂಟ್ ಹಚ್ಚುತ್ತಾರೆ. ಮೊನ್ನೆ ಒಬ್ಬ ತಿರುಗಿಸುವುದನ್ನೇ ಮರೆತಿದ್ದ. ಅವನಿಗೆ ಕೂಗಾಡಿ ಬೈದವನು ನಾನೇ.